ಏರಿಯ ಬುಡ ಎಲ್ಲಿ ನೆಲ ಮುಟ್ಟುತ್ತದೆ? ಕೊಡಗಿನ ರಸ್ತೆಗಳ ಇಳಿಜಾರನ್ನು ಸಾಫ್ಟ್‌ವೇರ್‌ನಲ್ಲಿ ರೂಪಿಸುವ ಬಗೆ

ಕುಶಾಲನಗರದ ಸುತ್ತಿನ ಸಮತಟ್ಟು ನೆಲದಲ್ಲಿ ರಸ್ತೆಗೆಂದು 3 ಮೀಟರ್ ಎತ್ತರದ ಮಣ್ಣಿನ ಏರಿ ಹಾಕಿ, ಪಕ್ಕದ ಇಳಿಜಾರನ್ನು ಒಂದಕ್ಕೆ ಎರಡರಂತೆ, ಅಂದರೆ 1 ಮೀಟರ್ ಇಳಿಯಲು 2 ಮೀಟರ್ ಅಡ್ಡ ಹೋಗುವಂತೆ, ಬಿಟ್ಟರೆ ಅದರ ಬುಡ ರಸ್ತೆಯಂಚಿನಿಂದ 6 ಮೀಟರ್ ಆಚೆ ನೆಲ ಮುಟ್ಟುತ್ತದೆ. ಅದೇ 3 ಮೀಟರ್ ಏರಿಯನ್ನು ಮಡಿಕೇರಿ ದಾಟಿ ಮದೆನಾಡಿನ ಕಡೆ ಇಳಿಯುವ ಗುಡ್ಡದ ಮಗ್ಗುಲಲ್ಲಿ, 3 ಮೀಟರ್ ಹೋದರೆ 1 ಮೀಟರ್ ಇಳಿಯುವ ನೆಲದ ಮೇಲೆ ಹಾಕಿ ನೋಡಿ. ಬುಡ 18 ಮೀಟರ್ ಆಚೆ, ರಸ್ತೆಯಂಚಿಗಿಂತ 9 ಮೀಟರ್ ಕೆಳಗೆ ಹೋಗಿ ನಿಲ್ಲುತ್ತದೆ. ಪ್ರತಿ ಮೀಟರ್ ರಸ್ತೆಗೆ ಆ ಬದಿಯ ಇಳಿಜಾರು ನುಂಗುವ ಮಣ್ಣು 9 ಘನ ಮೀಟರಿನಿಂದ 27ಕ್ಕೆ ಏರುತ್ತದೆ. ಏರಿಯ ಎತ್ತರ ಅದೇ, ಇಳಿಜಾರಿನ ಪ್ರಮಾಣವೂ ಅದೇ. ಬದಲಾದದ್ದು ಕೆಳಗಿನ ನೆಲ ಮಾತ್ರ.

ಸಿವಿಲ್ ತ್ರೀಡಿ, ಓಪನ್‌ರೋಡ್ಸ್ ಡಿಸೈನರ್‌ನಂಥ ಸಾಫ್ಟ್‌ವೇರ್‌ಗಳು ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ ಬಣ್ಣದ ಮಾದರಿ ತೋರಿಸುತ್ತವೆ. ಆದರೆ ಅವು ಮಾಡುವ ಕೆಲಸ ಸಣ್ಣದು. ರಸ್ತೆಯಂಚಿನಿಂದ ಹೇಳಿದ ಓಟದಲ್ಲಿ, ಅಂದರೆ ಇಳಿಜಾರಿನಲ್ಲಿ, ಒಂದು ಗೆರೆ ಎಳೆದು, ಅದು ನೆಲವನ್ನು ಎಲ್ಲಿ ಕಡಿಯುತ್ತದೆ ಎಂದು ಹುಡುಕುತ್ತವೆ. ಆ ಬಿಂದುವಿನಲ್ಲಿ ಮಣ್ಣು ನಿಲ್ಲುತ್ತದೆಯೇ, ರೋಲರ್ ಅಲ್ಲಿಗೆ ಇಳಿಯುತ್ತದೆಯೇ, ಅದು ಯಾರ ತೋಟ, ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ಅಲ್ಲಿ ಒಸರು ಏಳುತ್ತದೆಯೇ ಎಂಬುದು ಮಾದರಿ ಮಾಡುವವರು ಹೇಳಿಕೊಡಬೇಕಾದ ಮಾತು. ಬಯಲುಸೀಮೆಯ ಹೆದ್ದಾರಿಗೆ ಮಾಡಿಟ್ಟ ಟೆಂಪ್ಲೇಟನ್ನು (ರಸ್ತೆಯ ಅಡ್ಡಸೀಳಿನ ಸಿದ್ಧ ಅಚ್ಚು) ಹಾಗೇ ತಂದು ಕೊಡಗಿನ ಗುಡ್ಡಕ್ಕೆ ಕೂರಿಸಿದವರು ಎಡವುವುದು ಇಲ್ಲೇ.

ಕೈಲೆಕ್ಕ ಮೊದಲು ಗೊತ್ತಿರಲಿ

ರಸ್ತೆಯಂಚಿನಿಂದ ಬುಡಕ್ಕೆ ಎಷ್ಟು ದೂರ ಎಂಬುದಕ್ಕೆ ಸೂತ್ರ ಸರಳ. ಏರಿಯ ಇಳಿಜಾರಿನಿಂದ ನೆಲದ ಇಳಿಜಾರನ್ನು ಕಳೆಯಿರಿ, ಅಂಚಿನಲ್ಲಿರುವ ಎತ್ತರವನ್ನು ಆ ವ್ಯತ್ಯಾಸದಿಂದ ಭಾಗಿಸಿ. ಏರಿ ಒಂದಕ್ಕೆ ಎರಡು, ನೆಲ ಒಂದಕ್ಕೆ ಮೂರು ಎಂದಾದರೆ 1/2 − 1/3 = 1/6. ಎತ್ತರ 3 ಮೀಟರ್ ಇದ್ದರೆ ದೂರ 3 × 6 = 18 ಮೀಟರ್. ನೆಲ ಒಂದಕ್ಕೆ ಎರಡೂವರೆ ಇದ್ದರೆ ವ್ಯತ್ಯಾಸ 0.1ಕ್ಕೆ ಇಳಿಯುತ್ತದೆ, ದೂರ 30 ಮೀಟರಾಗುತ್ತದೆ. ನೆಲವೂ ಒಂದಕ್ಕೆ ಎರಡೇ ಆಗಿಬಿಟ್ಟರೆ ಎರಡು ಗೆರೆಗಳು ಜೋಡುಹಳಿಗಳಂತೆ ಓಡುತ್ತವೆ, ಎಂದಿಗೂ ಸೇರುವುದಿಲ್ಲ.

ಸೇರದೇ ಹೋಗುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಸಾಫ್ಟ್‌ವೇರ್ ಕನಿಷ್ಠ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಅಪಾಯ ಇರುವುದು ಕಷ್ಟಪಟ್ಟು ಸೇರುವ ಕಡೆ. ಅಂಚಿನಲ್ಲಿ ಎತ್ತರ 1 ಮೀಟರ್, ನೆಲ ಒಂದಕ್ಕೆ 2.2 ಎಂದಿಟ್ಟುಕೊಳ್ಳಿ. ಬುಡ 22 ಮೀಟರ್ ದೂರದಲ್ಲಿ, 11 ಮೀಟರ್ ಕೆಳಗೆ ಸಿಗುತ್ತದೆ. ಎಚ್ಚರಿಕೆಯ ಸಾಲು ಬರುವುದಿಲ್ಲ, ಮಾದರಿ ನೋಡಲು ಚೆನ್ನಾಗಿಯೇ ಇರುತ್ತದೆ. ವಾಸ್ತವದಲ್ಲಿ ಅದು ಗುಡ್ಡದ ಮೈಮೇಲೆ ಹಚ್ಚಿದ ಒಂದು ಪದರ ಮಣ್ಣು: ಮೇಲ್ತುದಿಯಲ್ಲಿ 1 ಮೀಟರ್ ದಪ್ಪ, ಕೆಳತುದಿಯಲ್ಲಿ ಸೊನ್ನೆ. ಅದರ ಮೇಲೆ ರೋಲರ್ ಓಡಿಸಲು ಆಗುವುದಿಲ್ಲ, ಪದರ ಪದರವಾಗಿ ದಮ್ಮಸ್ಸು ಮಾಡಲು ಆಗುವುದಿಲ್ಲ. ಲಾರಿಯಿಂದ ಸುರಿದ ಮಣ್ಣು ಸುರಿದಂತೆ ಕೂತು, ಮೊದಲ ಮಳೆಗಾಲದಲ್ಲೇ ಕೆಳಗಿನ ಕಾಫಿ ಗಿಡಗಳನ್ನು ಹೊದ್ದು ಮಲಗುತ್ತದೆ. ಕೊಡಗಿನ ಇಕ್ಕಟ್ಟಾದ ರಸ್ತೆಗಳನ್ನು ಕಣಿವೆ ಬದಿಗೆ ಒಂದೆರಡು ಮೀಟರ್ ಅಗಲಿಸುವಾಗ ತಯಾರಾಗುವ ಅಡ್ಡಸೀಳಿನ ನಕ್ಷೆಗಳಲ್ಲಿ, ಅಂದರೆ ಸೆಕ್ಷನ್‌ಗಳಲ್ಲಿ ಈ ತೆಳುಪದರದ ತುಂಬುವಿಕೆ ಪದೇಪದೇ ಕಾಣುತ್ತದೆ.

1:2 ಎಂದರೆ ಯಾವುದು ಎರಡು?

ನಮ್ಮ ಕಡೆ ಒಂದಕ್ಕೆ ಎರಡು ಎಂದರೆ ಇಳಿಯುವುದು ಒಂದು, ಅಡ್ಡ ಹೋಗುವುದು ಎರಡು. ಇಲ್ಲಿನ ನಕ್ಷೆಗಳಲ್ಲಿಯೂ ಸಾಮಾನ್ಯವಾಗಿ ಲಂಬ ಮೊದಲು, ಅಡ್ಡ ಆಮೇಲೆ. ಅಮೆರಿಕದಲ್ಲಿ ಹುಟ್ಟಿದ ಸಾಫ್ಟ್‌ವೇರ್‌ಗಳಲ್ಲಿ ಇದು ತಿರುವುಮುರುವು, ಅಲ್ಲಿ ಅದೇ ಇಳಿಜಾರು 2:1. ಸೆಟ್ಟಿಂಗ್ ನೋಡದೆ 1:2 ಎಂದು ಒತ್ತಿದರೆ ಅಡ್ಡ ಒಂದು, ಲಂಬ ಎರಡು ಎಂದು ಓದಿಕೊಂಡು 63 ಡಿಗ್ರಿಯ ಗೋಡೆಯನ್ನೇ ಎಬ್ಬಿಸುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ ಬಿಡಿ. ಬೀಳದಿರುವುದು ಒಂದಕ್ಕೆ ಒಂದೂವರೆಯ ತಪ್ಪು. 1:1.5 ತಿರುಗಿದರೆ 34 ಡಿಗ್ರಿ ಇರಬೇಕಾದ್ದು 56 ಆಗುತ್ತದೆ. ಲಂಬವನ್ನು ಹಿಗ್ಗಿಸಿದ ಸೆಕ್ಷನ್ ಹಾಳೆಯಲ್ಲಿ ಎಲ್ಲ ಇಳಿಜಾರುಗಳೂ ಕಡಿದಾಗಿಯೇ ಕಾಣುವುದರಿಂದ ಯಾರೂ ಗಮನಿಸುವುದಿಲ್ಲ. ಶೇಕಡಾದಲ್ಲಿ ಕೊಡುವ ಅಭ್ಯಾಸ ಮಾಡಿಕೊಂಡರೆ ಈ ಗೊಂದಲವೇ ಇಲ್ಲ: ಒಂದಕ್ಕೆ ಎರಡು ಎಂದರೆ ಶೇ 50, ಒಂದಕ್ಕೆ ಒಂದೂವರೆ ಎಂದರೆ ಶೇ 66.67. ಇಳಿಯುವುದಕ್ಕೆ ಮೈನಸ್ ಚಿಹ್ನೆ ಬೇಕೋ ಬೇಡವೋ ಎಂಬುದು ಟೆಂಪ್ಲೇಟಿನ ಬಿಡಿಭಾಗವಾದ ಒಂದೊಂದು ಸಬ್‌ಅಸೆಂಬ್ಲಿಯಲ್ಲಿ ಒಂದೊಂದು ತರಹ. ಹೊಸ ಟೆಂಪ್ಲೇಟ್ ಕೈಗೆ ಬಂದಾಗ ಸಮತಟ್ಟಾದ ಒಂದು ನಕಲಿ ನೆಲದ ಮೇಲೆ ಓಡಿಸಿ, ಬುಡ ಲೆಕ್ಕದ ಜಾಗದಲ್ಲೇ ಸಿಕ್ಕಿತೇ ಎಂದು ಒಮ್ಮೆ ನೋಡಿಕೊಳ್ಳುವುದು ಹತ್ತು ನಿಮಿಷದ ಕೆಲಸ.

ನೆಲದ ಮಾದರಿ: ಮರದ ತಲೆಯೋ, ಮರದ ಬುಡವೋ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕೊಡಗಿನಲ್ಲಿ ಕೆಡುವ ಮಾದರಿಗಳಲ್ಲಿ ಬಹುಪಾಲು ಈ ಹಂತದಲ್ಲೇ ಕೆಟ್ಟಿರುತ್ತವೆ.

ಡ್ರೋನ್ ಹಾರಿಸಿ ಫೋಟೋಗಳಿಂದ ಕಟ್ಟಿದ ನೆಲ ಬಯಲಿನಲ್ಲಿ ಸೊಗಸಾಗಿ ಬರುತ್ತದೆ. ಕಾಫಿ ತೋಟದ ಮೇಲೆ ಹಾರಿಸಿದರೆ ಕ್ಯಾಮೆರಾಗೆ ಕಾಣುವುದು ಸಿಲ್ವರ್ ಓಕ್ ಮತ್ತು ನೆರಳು ಮರಗಳ ನೆತ್ತಿ. ಅವುಗಳನ್ನು ಸೋಸಿ ತೆಗೆದರೂ ಕಾಫಿ ಗಿಡಗಳ ಹೊದಿಕೆ ಉಳಿದುಬಿಡುತ್ತದೆ. ಅದು ನೆಲಕ್ಕಿಂತ ಒಂದೂವರೆ ಮೀಟರ್ ಮೇಲಿದೆ ಎಂದುಕೊಳ್ಳಿ. ಮೇಲಿನ ಉದಾಹರಣೆಯಲ್ಲಿ 3 ಮೀಟರ್ ಇದ್ದ ಎತ್ತರ ಮಾದರಿಯಲ್ಲಿ ಒಂದೂವರೆ ಆಗುತ್ತದೆ, 18 ಮೀಟರ್ ದೂರದಲ್ಲಿರಬೇಕಾದ ಬುಡ 9 ಮೀಟರಿನಲ್ಲೇ ಸಿಕ್ಕಿಬಿಡುತ್ತದೆ. ಒಂದಕ್ಕೆ ಮೂರರ ನೆಲದಲ್ಲಿ ಎತ್ತರದ 1 ಮೀಟರ್ ತಪ್ಪು ಬುಡದಲ್ಲಿ 6 ಮೀಟರ್ ತಪ್ಪು. ಜಮೀನು ಸ್ವಾಧೀನದ ನಕ್ಷೆ ಇದರ ಮೇಲೆ ತಯಾರಾಗಿ, ನೋಟಿಸು ಹೋಗಿ, ಕೆಲಸ ಶುರುವಾದ ಮೇಲೆ ಇನ್ನೂ 9 ಮೀಟರ್ ತೋಟ ಬೇಕು ಎಂದರೆ ಮಾಲೀಕರ ಮುಖ ನೋಡುವುದು ಹೇಗೆ?

ಎಲೆಗಳ ಸಂದಿನಿಂದ ನೆಲ ಮುಟ್ಟುವ ಲೈಡಾರ್ (ಲೇಸರ್ ಅಳತೆ) ಬಳಸಬಹುದು. ಇಲ್ಲವಾದರೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಹಿಡಿದು ತೋಟದೊಳಗೆ ಇಳಿಯಲೇಬೇಕು. ನೋಟ ಸಿಗಲೆಂದು ಕಾಫಿ ಗಿಡ ಕಡಿಯುವಂತಿಲ್ಲ, ಹಾಗಾಗಿ ಸಾಲುಗಳ ನಡುವಿನ ಕಿಂಡಿಯಲ್ಲಿ ಸ್ಟೇಷನ್ ಬದಲಾಯಿಸುತ್ತಾ ಹೋಗುವುದೇ ದಾರಿ. ಸರ್ವೆಗೆ ಹೊತ್ತು ಬೇಕು, ಬೆನ್ನು ನೋಯುತ್ತದೆ, ಆದರೆ ನೆಲ ಸಿಗುತ್ತದೆ. ಉಪಗ್ರಹದಿಂದ ಬಂದ 30 ಮೀಟರ್ ಜಾಲದ ಎತ್ತರದ ಮಾಹಿತಿ ರಸ್ತೆ ಎಲ್ಲಿ ಹೋಗಬಹುದು ಎಂದು ಹುಡುಕಲು ಸಾಕು, ಬುಡ ಹುಡುಕಲು ಸಾಲದು.

ಬಿಂದುಗಳಷ್ಟೇ ಇದ್ದರೆ ಸಾಲದು, ಮುರಿತದ ಗೆರೆಗಳೂ ಬೇಕು. ಗದ್ದೆಯ ಬದು, ಹಳೆಯ ರಸ್ತೆಯ ಅಂಚು, ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ನೆತ್ತಿ ಮತ್ತು ಬುಡ, ತೋಡಿನ ತಳ ಮತ್ತು ಎರಡು ದಡ, ಇವನ್ನೆಲ್ಲ ಬ್ರೇಕ್‌ಲೈನ್ ಆಗಿ ಕೊಡದಿದ್ದರೆ ಬಿಂದುಗಳನ್ನು ಜೋಡಿಸಿ ನೆಲ ಕಟ್ಟುವ ತ್ರಿಕೋನಗಳು ತಮಗೆ ತೋಚಿದಂತೆ ತೋಡನ್ನು ದಾಟಿ ಸೇತುವೆ ಕಟ್ಟಿಬಿಡುತ್ತವೆ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು ನುಣುಪಾದ ಒಂದೇ ಇಳುಕಲಾಗಿ ಕಾಣುತ್ತವೆ. ಸರ್ವೆಯ ಪಟ್ಟಿ ಅಗಲವಾಗಿಯೂ ಇರಬೇಕು. ನಡುಗೆರೆಯಿಂದ ಎರಡೂ ಕಡೆ 20 ಮೀಟರ್ ಎಂಬ ಬಯಲುಸೀಮೆಯ ರೂಢಿ ಕಣಿವೆ ಬದಿಯಲ್ಲಿ ನಡೆಯುವುದಿಲ್ಲ. ಬುಡ 30 ಮೀಟರಿಗೆ ಹೋಗುವ ಕಡೆ ನೆಲದ ಮಾದರಿ 20ಕ್ಕೆ ನಿಂತಿದ್ದರೆ ಗೆರೆಗೆ ಮುಟ್ಟಲು ನೆಲವೇ ಇರುವುದಿಲ್ಲ. ಹೊರ ಅಂಚಿನ ಉದ್ದುದ್ದ ತ್ರಿಕೋನಗಳನ್ನು ಕತ್ತರಿಸದೆ ಬಿಟ್ಟರೆ ಇನ್ನೂ ಕಷ್ಟ, ಇಲ್ಲದ ನೆಲದ ಮೇಲೆ ಬುಡ ಸಿಕ್ಕಂತೆ ತೋರಿಸುತ್ತದೆ. ಮಾದರಿ ಮುಗಿದ ಮೇಲೆ ಅದಕ್ಕೆ ಬಳಸದ ಇಪ್ಪತ್ತು ಮೂವತ್ತು ಬಿಂದುಗಳನ್ನು, ಅದರಲ್ಲೂ ಕಣಿವೆ ಬದಿಯವನ್ನು, ಬೇರೆಯಾಗಿ ಅಳೆದು ತಾಳೆ ನೋಡಿ. ವ್ಯತ್ಯಾಸಗಳೆಲ್ಲ ಒಂದೇ ದಿಕ್ಕಿಗೆ, ಅಂದರೆ ಮಾದರಿ ಯಾವಾಗಲೂ ಮೇಲೆ ಎಂದು ಬಂದರೆ ಗಿಡಗಳ ಹೊದಿಕೆ ಇನ್ನೂ ಉಳಿದಿದೆ ಎಂದರ್ಥ.

ಇಳಿಜಾರಿಗೆ ಷರತ್ತು ಹಾಕುವುದು

ಸಿವಿಲ್ ತ್ರೀಡಿಯಲ್ಲಿ ನಡುಗೆರೆ, ಉದ್ದಸೀಳು, ಅಸೆಂಬ್ಲಿ (ಅಡ್ಡಸೀಳಿನ ಟೆಂಪ್ಲೇಟ್) ಸೇರಿದರೆ ಕಾರಿಡಾರ್, ಅಂದರೆ ರಸ್ತೆಯ ಪೂರ್ತಿ ಮಾದರಿ. ಅಸೆಂಬ್ಲಿಯ ಕೊನೆಯಲ್ಲಿ ಕೂರುವ ಡೇಲೈಟ್ ಸಬ್‌ಅಸೆಂಬ್ಲಿಯೇ ಇಳಿಜಾರಿನ ಕೆಲಸ ಮಾಡುವುದು. ಅದಕ್ಕೆ ಗುರಿಯಾಗಿ ನೆಲದ ಸರ್ಫೇಸ್, ಅಂದರೆ ಮೇಲ್ಮೈ ಮಾದರಿ, ಕೊಡಬೇಕು. ಓಪನ್‌ರೋಡ್ಸ್‌ನಲ್ಲಿ ಇದೇ ಕೆಲಸಕ್ಕೆ ಟೆಂಪ್ಲೇಟಿನ ತುದಿಯಲ್ಲಿ ಎಂಡ್ ಕಂಡಿಷನ್‌ಗಳಿವೆ. ಅವಕ್ಕೆ ಆದ್ಯತೆಯ ಸಂಖ್ಯೆ ಇರುತ್ತದೆ: ಒಂದನೆಯದು ನೆಲ ಮುಟ್ಟದಿದ್ದರೆ ಎರಡನೆಯದು, ಅದೂ ಮುಟ್ಟದಿದ್ದರೆ ಮೂರನೆಯದು. ಹೆಸರು ಬೇರೆ, ತರ್ಕ ಒಂದೇ.

ಕೊಡಗಿಗೆ ಒಪ್ಪುವ ತರ್ಕ ಹೀಗಿರಬಹುದು. ಮೊದಲು ಒಂದಕ್ಕೆ ಎರಡು ಪ್ರಯತ್ನಿಸು, ಬುಡ 8 ಮೀಟರಿನೊಳಗೆ ಸಿಕ್ಕರೆ ಸರಿ. ಸಿಗದಿದ್ದರೆ ನಿಗದಿ ಮಾಡಿದ ದೂರದಲ್ಲಿ ಬುಡದ ತಡೆಗೋಡೆ ಹಾಕು. ಅದರ ಎತ್ತರವೂ ಮಿತಿ ಮೀರಿದರೆ ರಸ್ತೆಯಂಚಿನಲ್ಲೇ ಗೋಡೆ ಎಬ್ಬಿಸು. 8 ಎಂಬುದು ಉದಾಹರಣೆಗೆ ಹೇಳಿದ ಅಂಕಿ, ನಿಮ್ಮ ಜಮೀನಿನ ಗಡಿ ಯಾವುದೋ ಅದನ್ನೇ ಇಡಿ.

ಗೋಡೆ ಎಲ್ಲಿ ಕೂರಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು, ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಮತ್ತದೇ 3 ಮೀಟರ್ ಏರಿ, ಒಂದಕ್ಕೆ ಮೂರರ ನೆಲ. ಗೋಡೆ ಅಂಚಿನಲ್ಲೇ ಇದ್ದರೆ ನೆಲದ ಮೇಲೆ 3 ಮೀಟರ್ ಎತ್ತರ. ಅಂಚಿನಿಂದ 6 ಮೀಟರ್ ಆಚೆ ಇಟ್ಟರೆ ಏರಿ ಅಲ್ಲಿಗೆ 3 ಮೀಟರ್ ಇಳಿದಿರುತ್ತದೆ, ನೆಲ 5 ಮೀಟರ್ ಕೆಳಗಿರುತ್ತದೆ, ಗೋಡೆ 2 ಮೀಟರ್. ಅಂದರೆ 6 ಮೀಟರ್ ಅಗಲದ ತೋಟ ಮತ್ತು ಪ್ರತಿ ಮೀಟರಿಗೆ 15 ಘನ ಮೀಟರ್ ಮಣ್ಣು ಕೊಟ್ಟು ಉಳಿಸಿದ್ದು 1 ಮೀಟರ್ ಗೋಡೆ. ಆ ಗಿಡ್ಡ ಗೋಡೆಯ ಬೆನ್ನಿಗೆ ಒಂದಕ್ಕೆ ಎರಡರ ಓರೆ ಮಣ್ಣು ಒರಗಿರುವುದರಿಂದ ಅದರ ಮೇಲಿನ ಒತ್ತಡವೂ ಹೆಚ್ಚು. ಮಣ್ಣಿನ ಘರ್ಷಣ ಕೋನ (ಜಾರದೆ ನಿಲ್ಲುವ ಶಕ್ತಿಯ ಅಳತೆ) 30 ಡಿಗ್ರಿ ಎಂದು ಹಿಡಿದರೆ ರಾಂಕಿನ್ ಸೂತ್ರದ ಒತ್ತಡದ ಗುಣಾಂಕ ಸಮತಟ್ಟು ಬೆನ್ನಿಗೆ 0.33, ಈ ಓರೆ ಬೆನ್ನಿಗೆ ಸುಮಾರು 0.54. ನೆಲ ಇಷ್ಟು ಇಳಿಜಾರಿರುವ ಕಡೆ ಅಂಚಿನ ಗೋಡೆಯೇ ಮೇಲು ಎಂದು ನಮಗೆ ಅನ್ನಿಸುವುದು ಈ ಲೆಕ್ಕದಿಂದ. ನೆಲ ಒಂದಕ್ಕೆ ಆರು ಏಳರಷ್ಟು ಸೌಮ್ಯವಾಗಿದ್ದರೆ ಗೋಡೆಯ ಮಾತೇ ಬೇಡ, ಮಣ್ಣಿನ ಇಳಿಜಾರೇ ಸಾಕು.

ಒಂದು ಸಬ್‌ಅಸೆಂಬ್ಲಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಡೇಲೈಟ್ ಮ್ಯಾಕ್ಸ್ ವಿಡ್ತ್ ಎಂಬುದಕ್ಕೆ ಗರಿಷ್ಠ ಅಗಲ ಕೊಟ್ಟರೆ ಬುಡವನ್ನು ಆ ಅಗಲದೊಳಗೆ ತಂದು ನಿಲ್ಲಿಸುತ್ತದೆ. ಹೇಗೆ? ಇಳಿಜಾರನ್ನು ಕಡಿದು ಮಾಡಿ. ಜಮೀನಿನ ಗಡಿಯೊಳಗೆ ಬುಡ ತರುವ ಡೇಲೈಟ್ ಟು ಆರ್‌ಒಡಬ್ಲ್ಯು ಕೂಡ ಅದೇ ಜಾತಿ. ಗಡಿಯೊಳಗೆ ಎಲ್ಲ ಅಚ್ಚುಕಟ್ಟಾಗಿ ಕೂತಿದೆ ಎಂದು ಖುಷಿಪಡುವ ಹೊತ್ತಿಗೆ ಒಂದೆರಡು ಸೆಕ್ಷನ್‌ಗಳಲ್ಲಿ ಮಣ್ಣು ಒಂದಕ್ಕೆ ಒಂದರ ಇಳಿಜಾರಿನಲ್ಲಿ ನಿಂತಿರುತ್ತದೆ. ಇವನ್ನು ಬಳಸಿದರೆ ಕೊನೆಗೆ ಇಳಿಜಾರಿನ ವರದಿ ತೆಗೆದು, ಒಂದಕ್ಕೆ ಎರಡಕ್ಕಿಂತ ಕಡಿದಾದ ಸಾಲುಗಳನ್ನು ಸೋಸಿ ಒಂದೊಂದಾಗಿ ನೋಡಬೇಕು.

ಎತ್ತರಕ್ಕೆ ತಕ್ಕಂತೆ ಇಳಿಜಾರು ಬದಲಿಸುವ ನಿಯಮವೂ ಹಲ್ಲುಹಲ್ಲಾದ ಬುಡದ ಗೆರೆ ಕೊಡುತ್ತದೆ. 3 ಮೀಟರ್ ತನಕ ಒಂದಕ್ಕೆ ಎರಡು, ಅದರಾಚೆ ಒಂದಕ್ಕೆ ಒಂದೂವರೆ ಎಂದು ಬರೆದರೆ, ಸಮತಟ್ಟಿನಲ್ಲೇ 2.99 ಮೀಟರಿಗೆ ಬುಡ 6 ಮೀಟರಿನಲ್ಲಿ, 3.01ಕ್ಕೆ ನಾಲ್ಕೂವರೆಯಲ್ಲಿ. ಎತ್ತರ ಹೆಚ್ಚಾದರೆ ಬುಡ ಒಳಗೆ ಬರುವ ವಿಚಿತ್ರ! ಇಂಥ ಕಡೆ ನಿಯಮವನ್ನು ಎತ್ತರಕ್ಕೆ ಬಿಡದೆ, ಚೈನೇಜ್ (ರಸ್ತೆಯುದ್ದದ ದೂರ) ಭಾಗಗಳನ್ನಾಗಿ ಒಡೆದು, ಒಂದರಿಂದ ಇನ್ನೊಂದಕ್ಕೆ 20 ಮೀಟರಿನ ಉದ್ದದಲ್ಲಿ ನಿಧಾನ ಬದಲಾಗುವಂತೆ ಕೊಟ್ಟರೆ ಜೆಸಿಬಿ ಓಡಿಸುವವರಿಗೂ ಅರ್ಥವಾಗುತ್ತದೆ. ಎತ್ತರ ಎಂದರೆ ಯಾವ ಎತ್ತರ ಎಂಬುದನ್ನೂ ಮೊದಲೇ ಬಗೆಹರಿಸಿಕೊಳ್ಳಿ. ನಡುಗೆರೆಯಲ್ಲಿ 3 ಮೀಟರ್ ಎನ್ನುವ ಏರಿ ಕಣಿವೆ ಬದಿಯ ಬುಡದಿಂದ ನೋಡಿದರೆ 9 ಮೀಟರಿಗಿಂತ ಎತ್ತರ. 6 ಮೀಟರ್ ಮೀರಿದ ಏರಿಗಳಿಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 75 ಹೇಳುವ ಪ್ರತ್ಯೇಕ ಸ್ಥಿರತೆ ಪರೀಕ್ಷೆಯನ್ನು ನಡುಗೆರೆಯ ಅಂಕಿ ತೋರಿಸಿ ತಪ್ಪಿಸಿಕೊಂಡರೆ ಮಣ್ಣಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಎತ್ತರದ ಏರಿಗೆ ನಡುವೆ ಬರ್ಮ್, ಅಂದರೆ ಜಗಲಿಯಂಥ ಮೆಟ್ಟಿಲು ಕೊಡಲು ಡೇಲೈಟ್ ಬೆಂಚ್ ಇದೆ. ಎಷ್ಟು ಎತ್ತರಕ್ಕೊಂದು, ಎಷ್ಟು ಅಗಲ ಎಂದು ಕೊಟ್ಟರಾಯಿತು. ಜಗಲಿಯ ಓಟ ಯಾವ ಕಡೆಗೆ ಎಂಬುದು ಮುಖ್ಯ. ಒಳಕ್ಕೆ ಓಟ ಕೊಟ್ಟರೆ ಅಲ್ಲಿ ಕಾಂಕ್ರೀಟ್ ಚರಂಡಿ ಬೇಕೇ ಬೇಕು. ಚರಂಡಿ ಇಲ್ಲದ ಒಳ ಓಟ ಎಂದರೆ ಏರಿಯ ಹೊಟ್ಟೆಗೆ ನೀರು ಕುಡಿಸಲು ಮಾಡಿದ ಬಾನಿ.

ತಿರುವಿನಲ್ಲಿ ಗಂಟುಬೀಳುವ ಗೆರೆಗಳು

ಹೇರ್‌ಪಿನ್ ತಿರುವಿನ ಒಳ ಅಂಚಿಗೆ ಐಆರ್‌ಸಿ ಹೇಳುವ ಕನಿಷ್ಠ ತ್ರಿಜ್ಯ 14 ಮೀಟರ್. ಅರ್ಧ ವೃತ್ತ ತಿರುಗಿದರೆ ಒಳ ಅಂಚಿನ ಉದ್ದ 44 ಮೀಟರ್. ನೇರ ರಸ್ತೆಗೆ ಸಾಕಾಗುವ 20 ಮೀಟರಿಗೊಂದು ಸೆಕ್ಷನ್ ಇಲ್ಲಿಟ್ಟರೆ ಇಡೀ ತಿರುವಿಗೆ ಎರಡು ಮೂರು ಸೆಕ್ಷನ್ ಸಿಗುತ್ತವೆ, ದುಂಡಗಿನ ತಿರುವು ಮೂಲೆಮೂಲೆಯಾಗುತ್ತದೆ. ತಿರುವಿನಲ್ಲಿ 2 ಅಥವಾ 3 ಮೀಟರಿಗೊಂದು ಇಡಿ.

ಅದರಿಂದ ಇನ್ನೊಂದು ತೊಂದರೆ ಬಯಲಾಗುತ್ತದೆ. ಒಳಬದಿಯ ಬುಡ 18 ಮೀಟರ್ ದೂರ, ತ್ರಿಜ್ಯ 14. ಸೆಕ್ಷನ್ ಗೆರೆಗಳೆಲ್ಲ ತಿರುವಿನ ಕೇಂದ್ರ ದಾಟಿ ಒಂದರ ಮೇಲೊಂದು ಹಾಯ್ದು ಗಂಟಾಗುತ್ತವೆ. ಬೋ ಟೈ ಎನ್ನುವುದು ಇದನ್ನೇ. ಆ ಗಂಟಿನಿಂದ ಕಟ್ಟಿದ ಸರ್ಫೇಸ್‌ನಲ್ಲಿ ಒಂದೇ ಜಾಗಕ್ಕೆ ಎರಡೆರಡು ಎತ್ತರ ಬಂದು ಮಣ್ಣಿನ ಲೆಕ್ಕ ಕೆಡುತ್ತದೆ. ಗಂಟನ್ನು ಸರಿಪಡಿಸುವ ಆಜ್ಞೆ ಸಿವಿಲ್ ತ್ರೀಡಿಯಲ್ಲಿದೆ, ಸಣ್ಣ ಗಂಟಿಗೆ ಅದು ಸಾಕು. ದೊಡ್ಡದಿದ್ದರೆ ಕಾರಿಡಾರನ್ನು ರಸ್ತೆಯಂಚಿಗೇ ನಿಲ್ಲಿಸಿ, ಅಂಚಿನ ಫೀಚರ್ ಲೈನ್ (ಮಟ್ಟಗಳಿರುವ ಗೆರೆ) ತೆಗೆದು, ಅದರಿಂದ ಗ್ರೇಡಿಂಗ್ ಮಾಡಿ ನೆಲ ಮುಟ್ಟಿಸುವುದು ವಾಸಿ.

ಗುಡ್ಡ ಹತ್ತುವ ಹೇರ್‌ಪಿನ್‌ನಲ್ಲಿ ಮೇಲಿನ ರಸ್ತೆಯ ಕಣಿವೆ ಬದಿ ಎಂದರೆ ಕೆಳಗಿನ ರಸ್ತೆಯ ಗುಡ್ಡದ ಬದಿ. ಮೇಲಿನದರ ಏರಿ ಕೆಳಗಿನ ರಸ್ತೆಯ ಕತ್ತರಿಸಿದ ಬರೆಯ ಮೇಲೆ ಬಂದು ಕೂರುತ್ತದೆ. ಎರಡಕ್ಕೂ ಮೂಲ ನೆಲವನ್ನೇ ಗುರಿಯಾಗಿ ಕೊಟ್ಟಿದ್ದರೆ ಸಾಫ್ಟ್‌ವೇರ್‌ಗೆ ಕೆಳಗೆ ಬರೆ ಕತ್ತರಿಸಿದ ಸಂಗತಿಯೇ ಗೊತ್ತಿರುವುದಿಲ್ಲ, ಗಾಳಿಯಲ್ಲಿ ಬುಡ ಊರುತ್ತದೆ. ಕ್ರಮ ಹೀಗೆ: ಮೊದಲು ಕೆಳಗಿನ ತೋಳನ್ನು ಮುಗಿಸಿ ಅದರ ಸರ್ಫೇಸ್ ಮಾಡಿ, ಮೂಲ ನೆಲದ ಪ್ರತಿಯೊಂದಕ್ಕೆ ಅಂಟಿಸಿ, ಆ ಹೊಸ ನೆಲವನ್ನು ಮೇಲಿನ ತೋಳಿಗೆ ಗುರಿಯಾಗಿ ಕೊಡಿ. ಆಗ ಎರಡರ ನಡುವೆ ಜಾಗ ಸಾಲದಿರುವುದು ತಾನಾಗಿ ಕಾಣುತ್ತದೆ.

ಮಣ್ಣಿನ ಲೆಕ್ಕದಲ್ಲಿ ಸೋರಿಹೋಗುವುದು

ಎರಡು ಸೆಕ್ಷನ್‌ಗಳ ವಿಸ್ತೀರ್ಣದ ಸರಾಸರಿಯನ್ನು ದೂರದಿಂದ ಗುಣಿಸುವುದು ಹಳೆಯ ಪದ್ಧತಿ. ಬಿಲ್ಲುಗಳೂ ಅದರ ಮೇಲೆಯೇ ನಡೆಯುತ್ತವೆ. ಏರಿ ಗುಡ್ಡಕ್ಕೆ ಸೇರಿ ಮುಗಿಯುವ ಕಡೆ ಇದು ಹೆಚ್ಚು ತೋರಿಸುತ್ತದೆ. ಒಂದು ಸೆಕ್ಷನ್ 40 ಚದರ ಮೀಟರ್, 20 ಮೀಟರ್ ಆಚೆ ಸೊನ್ನೆ ಎಂದರೆ ಸರಾಸರಿಯಿಂದ 400 ಘನ ಮೀಟರ್. ಎಲ್ಲ ಕಡೆಯಿಂದಲೂ ಚೂಪಾಗುತ್ತಾ ಹೋಗುವ ಆಕಾರವಾದರೆ ನಿಜದಲ್ಲಿ ಅದು 267. ಕಟಿಂಗ್‌ನಿಂದ ಫಿಲ್ಲಿಂಗ್‌ಗೆ ಮತ್ತೆ ಮತ್ತೆ ಹೊರಳುವ ಮಲೆನಾಡಿನ ರಸ್ತೆಯಲ್ಲಿ ಇಂಥ ತುದಿಗಳು ಕಿಲೋಮೀಟರಿಗೆ ಹತ್ತಾರು. 5 ಮೀಟರಿಗೊಂದು ಸೆಕ್ಷನ್ ಇಟ್ಟರೆ ತಪ್ಪು ಕಿರಿದಾಗುತ್ತದೆ. ಎರಡು ಸರ್ಫೇಸ್‌ಗಳ ನಡುವಿನ ಘನ ಅಳತೆ ತೆಗೆದು ತಾಳೆ ನೋಡುವುದು ಇನ್ನೂ ಒಳ್ಳೆಯದು.

ಮೇಲ್ಮಣ್ಣು ಕೆರೆದು ತೆಗೆಯುವುದನ್ನು ಮಾದರಿಯಲ್ಲಿ ಮರೆಯುವವರು ಬಹಳ. ತೋಟದ ನೆಲ ಎಂದರೆ ಎಲೆ ಕೊಳೆತ ಮೆತ್ತನೆ ಮಣ್ಣು, ಅದರ ಮೇಲೆ ಏರಿ ಕೂರಿಸುವಂತಿಲ್ಲ. 20 ಮೀಟರ್ ಅಗಲದ ಹೆಜ್ಜೆಗುರುತಿನಲ್ಲಿ 150 ಮಿಲಿಮೀಟರ್ ಕೆರೆದರೆ ಪ್ರತಿ ಮೀಟರಿಗೆ 3 ಘನ ಮೀಟರ್, ಕಿಲೋಮೀಟರಿಗೆ 3000. ಕಣ್ಣಿಗೆ ಕಾಣುವ ಬುಡ ಮೂಲ ನೆಲದ ಮೇಲೆ, ಮಣ್ಣಿನ ಲೆಕ್ಕ ಕೆರೆದ ನೆಲದಿಂದ. ಹಾಗಾಗಿ ಎರಡು ಸರ್ಫೇಸ್ ಬೇಕು.

ಇಳುಕಲು ನೆಲವನ್ನು ಮೆಟ್ಟಿಲು ಕಡಿಯದೆ ಅದರ ಮೇಲೆ ಏರಿ ಹಾಕಿದರೆ ಎರಡು ಮಣ್ಣುಗಳ ನಡುವೆ ಜಾರುಬಂಡೆ ತಯಾರಾದಂತೆ. ಹಳೆಯ ಏರಿಯನ್ನು ಅಗಲಿಸುವಾಗ ಮೆಟ್ಟಿಲು ಕನಿಷ್ಠ 300 ಮಿಲಿಮೀಟರ್ ಅಗಲ ಇರಬೇಕೆಂದು ಕೇಂದ್ರ ಹೆದ್ದಾರಿ ಸಚಿವಾಲಯದ ಸ್ಪೆಸಿಫಿಕೇಶನ್ ಹೇಳುತ್ತದೆ. ರೋಲರ್ ನಿಲ್ಲಬೇಕೆಂದರೆ ಅಷ್ಟು ಸಾಲದು. ಒಂದಕ್ಕೆ ಮೂರರ ನೆಲದಲ್ಲಿ ಒಂದೂವರೆ ಮೀಟರ್ ಅಗಲದ ಮೆಟ್ಟಿಲು ಕಡಿದರೆ ಪ್ರತಿ ಮೆಟ್ಟಿಲಿಗೆ ಅರ್ಧ ಮೀಟರ್ ಎತ್ತರ, 18 ಮೀಟರಿಗೆ 12 ಮೆಟ್ಟಿಲು. ಕಡಿದು ಮತ್ತೆ ತುಂಬುವ ಮಣ್ಣು ಪ್ರತಿ ಮೀಟರಿಗೆ ನಾಲ್ಕೂವರೆ ಘನ ಮೀಟರ್, ಅಂದರೆ ಇಳಿಜಾರಿನ ಒಟ್ಟು 27ರ ಆರನೇ ಒಂದು ಪಾಲು. ಈ ಕೆಲಸಕ್ಕೆ ಬೇರೆ ಹಣ ಇಲ್ಲದಿರುವುದರಿಂದ ಸೈಟಿನಲ್ಲಿ ಮೊದಲು ಕೈಬಿಡುವುದೂ ಇದನ್ನೇ. ನಕ್ಷೆಯ ಸೆಕ್ಷನ್‌ನಲ್ಲಿ ಮೆಟ್ಟಿಲನ್ನು ಗೆರೆ ಎಳೆದು ತೋರಿಸಿದರೆ ಕೇಳುವುದಕ್ಕಾದರೂ ಆಧಾರ ಇರುತ್ತದೆ.

ಕತ್ತರಿಸಿದ ಒಂದು ಘನ ಮೀಟರ್ ಮಣ್ಣು ಏರಿಯಲ್ಲಿ ಒಂದು ಘನ ಮೀಟರ್ ಆಗುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ನೆಲದಲ್ಲಿದ್ದಾಗ ಒಣ ಸಾಂದ್ರತೆ ಘನ ಮೀಟರಿಗೆ 1.5 ಟನ್, ಪ್ರಯೋಗಾಲಯದ ಗರಿಷ್ಠ 1.8 ಇದ್ದು, ಏರಿಗೆ ಅದರ ಶೇ 95 ಬೇಕಾದರೆ 1.71. ಒಂದು ಘನ ಮೀಟರ್ ಏರಿಗೆ 1.14 ಘನ ಮೀಟರ್ ನೆಲ ಅಗೆಯಬೇಕು. ಸಾಫ್ಟ್‌ವೇರ್‌ನಲ್ಲಿ ಈ ಗುಣಾಂಕದ ಖಾನೆ ಇದೆ, ಸುಮ್ಮನೆ ಬಿಟ್ಟರೆ ಅದು 1 ಎಂದೇ ಹಿಡಿಯುತ್ತದೆ.

ನೀರು ಮಾದರಿಯಲ್ಲಿ ಕಾಣುವುದಿಲ್ಲ

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡಗಳು ಜಾರಿ, ಮಡಿಕೇರಿ–ಸಂಪಾಜೆ ನಡುವೆ ಹೆದ್ದಾರಿ ಸಂಚಾರ ನಿಂತುಹೋಗಿದ್ದನ್ನು ಇಲ್ಲಿಯವರಿಗೆ ನೆನಪಿಸಬೇಕಿಲ್ಲ. ರಸ್ತೆ ವಿನ್ಯಾಸದ ಸಾಫ್ಟ್‌ವೇರ್ ಜ್ಯಾಮಿತಿ ಬಿಡಿಸುತ್ತದೆ, ಸ್ಥಿರತೆ ನೋಡುವುದಿಲ್ಲ. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು, ಮಣ್ಣಿನ ಪರೀಕ್ಷೆ ಬೇಕು. ಆದರೂ ಒಂದು ಒರಟು ಲೆಕ್ಕ ಕೈಯಲ್ಲೇ ಸಾಧ್ಯ. ಅಂಟು ಇಲ್ಲದ, 30 ಡಿಗ್ರಿ ಘರ್ಷಣ ಕೋನದ ಮಣ್ಣು ಒಂದಕ್ಕೆ ಎರಡರ ಇಳಿಜಾರಿನಲ್ಲಿ ಒಣಗಿರುವಾಗ ಸುರಕ್ಷಾ ಗುಣಾಂಕ 0.577 ಭಾಗಿಸು 0.5, ಅಂದರೆ 1.15. ಅದೇ ಮಣ್ಣು ಮೇಲ್ಮೈ ತನಕ ನೆನೆದು, ನೀರು ಇಳಿಜಾರಿನಗುಂಟ ಒಳಗೇ ಹರಿಯತೊಡಗಿದರೆ ಗುಣಾಂಕ ಸುಮಾರು 0.56. ಒಂದಕ್ಕಿಂತ ಕಡಿಮೆ ಎಂದರೆ ಜಾರಿತು ಎಂದೇ. ಮಣ್ಣಿಗೆ ಇರುವ ಅಲ್ಪಸ್ವಲ್ಪ ಅಂಟು, ಬೇರುಗಳ ಹಿಡಿತ ಬೇಸಿಗೆಯಲ್ಲಿ ಅದನ್ನು ಕಾಪಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ನೆನೆದ ಮೇಲೆ ಆ ಲೆಕ್ಕ ಬೇರೆ.

ಆದ್ದರಿಂದ ಮಾದರಿಗೆ ನೀರಿನ ದಾರಿಯನ್ನು ನಾವೇ ಸೇರಿಸಬೇಕು. ಗುಡ್ಡದ ಬದಿಯ ಚರಂಡಿ, ಬರೆಯ ನೆತ್ತಿಯ ಮೇಲಿನ ಕ್ಯಾಚ್ ವಾಟರ್ ಡ್ರೇನ್, ಏರಿಯ ಅಂಚಿನಲ್ಲಿ ನೀರನ್ನು ಹಿಡಿದು ನಿಗದಿತ ಜಾಗದಲ್ಲಿ ಮಾತ್ರ ಕೆಳಗಿಳಿಸುವ ಕರ್ಬ್ ಮತ್ತು ಜಾರುಗಾಲುವೆ, ಇವುಗಳೆಲ್ಲ ಅಸೆಂಬ್ಲಿಯಲ್ಲೇ ಇರಲಿ. ತೋಡು ದಾಟುವ ಕಡೆ ಮೋರಿಯ ಉದ್ದವನ್ನು ಬುಡದಿಂದ ಬುಡಕ್ಕೆ ಅಳೆಯಿರಿ. 12 ಮೀಟರ್ ಅಗಲದ ರಸ್ತೆ ಪೈಪಿಗಿಂತ 6 ಮೀಟರ್ ಮೇಲಿದ್ದರೆ ಪೈಪು ಸುಮಾರು 36 ಮೀಟರ್ ಬೇಕು. ಗಿಡ್ಡ ಪೈಪಿನ ಬಾಯಿ ಏರಿಯ ಹೊಟ್ಟೆಯೊಳಗೇ ತೆರೆದುಕೊಂಡರೆ ಏರಿಯನ್ನು ಒಳಗಿನಿಂದ ಕೊರೆಯುವುದು ನಾವೇ ಕರೆತಂದ ನೀರು. ಬೇಸಿಗೆಯಲ್ಲಿ ಸರ್ವೆ ಮಾಡುವವರಿಗೆ ಒಸರು ಕಾಣುವುದಿಲ್ಲ, ತೋಟದ ಮಾಲೀಕರನ್ನು ಅಥವಾ ಅಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಮಳೆಗಾಲದಲ್ಲಿ ಎಲ್ಲೆಲ್ಲಿ ಜಲ ಏಳುತ್ತದೆಂದು ಬೆರಳಿಟ್ಟು ತೋರಿಸುತ್ತಾರೆ. ಆ ಜಾಗಗಳನ್ನು ಬಿಂದುಗಳಾಗಿ ಗುರುತಿಸಿ, ಏರಿಯ ತಳಕ್ಕೆ ಕಲ್ಲುಜಲ್ಲಿಯ ಬಸಿಗಾಲುವೆ ಕೊಡಿ.

ನಕ್ಷೆಯಿಂದ ಗೂಟಕ್ಕೆ

ಮಾದರಿಯಿಂದ ಸೈಟಿಗೆ ಹೋಗಬೇಕಾದ್ದು ಬಣ್ಣದ ಚಿತ್ರಕ್ಕಿಂತ ಹೆಚ್ಚಾಗಿ ಒಂದು ಕೋಷ್ಟಕ: ಪ್ರತಿ 10 ಮೀಟರಿಗೆ ಬುಡದ ದೂರ, ಬುಡದ ಮಟ್ಟ, ರಸ್ತೆಯಂಚಿನ ಮಟ್ಟ. ಗೂಟ ಹೊಡೆಯುವಾಗ ಆ ದೂರದಲ್ಲಿ ನಿಜವಾದ ನೆಲದ ಮಟ್ಟ ಅಳೆದು ಕೋಷ್ಟಕದೊಂದಿಗೆ ತಾಳೆ ನೋಡಬೇಕು. ಅರ್ಧ ಮೀಟರ್ ಕೆಳಗಿದ್ದರೆ ಬುಡ ಅಲ್ಲಿಲ್ಲ, ಒಂದಕ್ಕೆ ಮೂರರ ನೆಲದಲ್ಲಿ ಅದು ಇನ್ನೂ 3 ಮೀಟರ್ ಆಚೆ ಇದೆ. ರೋಲರ್ ತೀರಾ ಅಂಚಿಗೆ ಹೋಗಲಾರದು, ಆದ್ದರಿಂದ ಪದರಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ ಹಾಕಿ, ದಮ್ಮಸ್ಸು ಮಾಡಿ, ಆಮೇಲೆ ಸಡಿಲ ಅಂಚನ್ನು ಕೆರೆದು ತೆಗೆಯುವುದು ಕ್ರಮ. ಕೆರೆದ ಮಣ್ಣನ್ನು ಕಣಿವೆಗೆ ತಳ್ಳಿ ಬಿಟ್ಟರೆ ಮತ್ತದೇ ತೆಳುಪದರ ಗುಡ್ಡದ ಮೈಗೆ ಅಂಟುತ್ತದೆ, ಅದನ್ನು ಮೇಲೆ ಎತ್ತಿ ಮುಂದಿನ ಪದರಕ್ಕೆ ಬಳಸಬೇಕು.

ಮೊದಲ ಮಳೆಗಾಲ ಕಳೆದ ಮೇಲೆ ಅದೇ ಸೆಕ್ಷನ್‌ಗಳನ್ನು ಇನ್ನೊಮ್ಮೆ ಅಳೆದು ವಿನ್ಯಾಸದ ಗೆರೆಯ ಮೇಲೆ ಕೂರಿಸಿ ನೋಡಿ. ರಸ್ತೆಯಂಚು ತಗ್ಗಿ ಬುಡ ಉಬ್ಬಿದ್ದರೆ ಏರಿ ಜಾರಲು ಶುರುವಾಗಿದೆ, ಆ ಭಾಗದಲ್ಲಿ ಭಾರಿ ವಾಹನ ನಿಲ್ಲಿಸಿ ಮಣ್ಣಿನ ತಜ್ಞರನ್ನು ಕರೆಸಬೇಕು. ಮೇಲ್ಭಾಗ ಸಮನಾಗಿ ತಗ್ಗಿ ಬುಡ ಇದ್ದಲ್ಲೇ ಇದ್ದರೆ ಮಾಡಿದ ದಮ್ಮಸ್ಸು ಸಾಕಾಗಿಲ್ಲ ಎಂದರ್ಥ. ಇಳಿಜಾರಿನ ಮೈಮೇಲೆ ಬೆರಳು ಎಳೆದಂಥ ಕೊರಕಲುಗಳಷ್ಟೇ ಇದ್ದರೆ ಕರ್ಬ್ ಎಲ್ಲೋ ಒಡೆದಿದೆ. ಕೊರಕಲು ಹಿಡಿದು ಮೇಲಕ್ಕೆ ಹತ್ತಿದರೆ ನೀರು ನುಗ್ಗಿದ ಜಾಗ ಸಿಗುತ್ತದೆ.